ಎದುರುಗಾಳಿಯಲ್ಲಿ ಎರಡು ಸೆಕೆಂಡಿನ ಚಿನ್ನ

ಮಕ್ಕಳೇ, ಕಬಡ್ಡಿಯಲ್ಲಿ ಹೆಚ್ಚು ಅಂಕ ಗಳಿಸಿದ ತಂಡ ಗೆಲ್ಲುತ್ತದೆ. ಹಾಯಿದೋಣಿ ಪಂದ್ಯದಲ್ಲಿ ಇದು ತಿರುಗುಮುರುಗು! ಓಟದಲ್ಲಿ ಮೊದಲು ಬಂದ ದೋಣಿಗೆ 1 ಅಂಕ, ಎರಡನೆಯದಕ್ಕೆ 2, ಹತ್ತನೆಯದಕ್ಕೆ 10. ಹಲವು ದಿನ ನಡೆಯುವ ಓಟಗಳ ಅಂಕಗಳನ್ನು ಕೂಡಿದಾಗ ಯಾರ ಮೊತ್ತ ಕಡಿಮೆಯೋ ಅವರಿಗೇ ಪದಕ.

2016ರ ಒಲಿಂಪಿಕ್ಸ್ ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದಲ್ಲಿ ನಡೆಯಿತು. ಅಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಬಾಯ್ದೆರೆದಿರುವ ಗ್ವಾನಬಾರಾ ಕೊಲ್ಲಿಯಲ್ಲಿ ಮಹಿಳೆಯರ ‘49ಇಆರ್ ಎಫ್‌ಎಕ್ಸ್’ ಎಂಬ ದೋಣಿಗಳ ಪಂದ್ಯವಿತ್ತು. ಒಂದು ದೋಣಿಗೆ ಇಬ್ಬರು. ದೋಣಿಯ ಉದ್ದ 4.99 ಮೀಟರ್; ಹೆಸರಿನಲ್ಲಿರುವ 49 ಬಂದದ್ದು ಅದರಿಂದಲೇ. ಕೊನೆಯ ದಿನ, ಆಗಸ್ಟ್ 18ರಂದು, ಉಳಿದದ್ದು ಒಂದೇ ಓಟ. ಆಗ ಬ್ರೆಜಿಲ್, ಸ್ಪೇನ್, ಡೆನ್ಮಾರ್ಕ್ ದೋಣಿಗಳಿಗೆ ತಲಾ 46 ಅಂಕ, ನ್ಯೂಜಿಲೆಂಡ್‌ಗೆ 47. ನಾಲ್ಕು ದೋಣಿ, ಮೂರು ಪದಕ! ಕೊನೆಯ ಓಟದ ಅಂಕ ದುಪ್ಪಟ್ಟು ಬೇರೆ.

ಈ ಓಟದ ದಾರಿಯಲ್ಲಿ ಒಂದು ವಿಚಿತ್ರವಿದೆ. ದೋಣಿಗಳು ಗಾಳಿ ಬೀಸಿ ಬರುವ ದಿಕ್ಕಿಗೇ ಹೋಗಿ, ಅಲ್ಲಿ ತೇಲುವ ಗುರುತನ್ನು ಸುತ್ತಿ ಬರಬೇಕು. ಗಾಳಿ ಹಿಂದಿನಿಂದ ತಳ್ಳಿದರೆ ದೋಣಿ ಮುಂದೆ ಹೋಗುವುದು ಸರಿ. ಎದುರಿನಿಂದ ಬೀಸಿದಾಗಲೂ ಅದು ಮುಂದೆ ಹೋಗುವುದು ಹೇಗೆ? ಇಂಜಿನ್ ಇಲ್ಲ, ಹುಟ್ಟೂ ಇಲ್ಲ.

ಮಾಡಿ ನೋಡಿ: ಒಂದು ಚಮಚದ ಹಿಡಿಯ ತುದಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ನೇತಾಡಿಸಿ. ಗೆಳೆಯನಿಗೆ ತಂಬಿಗೆಯಿಂದ ಸಣ್ಣ ಧಾರೆಯಾಗಿ ನೀರು ಸುರಿಯಲು ಹೇಳಿ. ಚಮಚದ ಉಬ್ಬಿದ ಬೆನ್ನನ್ನು ಧಾರೆಗೆ ಮುಟ್ಟಿಸಿ. ನೀರು ಚಮಚವನ್ನು ದೂರ ತಳ್ಳುತ್ತದೆಂದು ನೀವು ಊಹಿಸಿರಬಹುದು. ಆದರೆ ಚಮಚ ಧಾರೆಯ ಕಡೆಗೇ ಎಳೆದುಕೊಳ್ಳುತ್ತದೆ! ಉಬ್ಬನ್ನು ಅನುಸರಿಸಿ ನೀರು ಒಂದು ಕಡೆಗೆ ಬಾಗುತ್ತದೆ. ಚಮಚದ ಮೇಲೆ ಅದಕ್ಕೆ ವಿರುದ್ಧ ದಿಕ್ಕಿನ ಬಲ ಬೀಳುತ್ತದೆ. ಉಬ್ಬಿದ ಹಾಯಿಯೂ ಹಾಗೆಯೇ ಗಾಳಿಯನ್ನು ಬಾಗಿಸುತ್ತದೆ. ಆಗ ಹಾಯಿಯ ಮೇಲೆ ಬೀಳುವ ಬಲ ಹೆಚ್ಚಾಗಿ ಪಕ್ಕಕ್ಕೆ, ಸ್ವಲ್ಪ ಮಾತ್ರ ಮುಂದಕ್ಕೆ.

ಪಕ್ಕಕ್ಕೆ ಜಾರದಂತೆ ತಡೆಯಲು ದೋಣಿಯ ತಳದಿಂದ ನೀರಿನೊಳಕ್ಕೆ ಒಂದು ಹಲಗೆ ಇಳಿದಿರುತ್ತದೆ. ಕಲ್ಲಂಗಡಿ ತಿನ್ನುವಾಗ ಒದ್ದೆ ಬೀಜವನ್ನು ಎರಡು ಬೆರಳ ನಡುವೆ ಒತ್ತಿ ಹಾರಿಸಿದ್ದೀರಲ್ಲ? ಬೆರಳು ಒತ್ತಿದ್ದು ಪಕ್ಕಗಳಿಂದ, ಬೀಜ ಚಿಮ್ಮಿದ್ದು ಮುಂದಕ್ಕೆ. ದೋಣಿಗೆ ಒಂದು ಬೆರಳು ಗಾಳಿ, ಇನ್ನೊಂದು ಬೆರಳು ನೀರು.

ಇನ್ನು ದೋಣಿ ಮಗುಚುವ ಭಯ. ಅದಕ್ಕೆಂದೇ ಇಬ್ಬರೂ ಕಂಬಕ್ಕೆ ಕಟ್ಟಿದ ತಂತಿಯಲ್ಲಿ ನೇತಾಡುತ್ತಾ, ಕಾಲನ್ನು ಅಂಚಿಗೆ ಕೊಟ್ಟು, ಮೈಯನ್ನು ಹೊರಗೆ ಚಾಚುತ್ತಾರೆ. ಏತದ ಮರದಲ್ಲಿ ಹಗುರವಾದ ಹುಡುಗ ತುದಿಗೆ ಸರಿದು ಕೂರುವ ಹಾಗೆ.

ಇಷ್ಟಾದರೂ ಗಾಳಿಗೆ ನೇರ ಎದುರಾಗಿ ಹೋಗಲಾಗದು. ಹಾಯಿ ಪಟಪಟ ಬಡಿದುಕೊಂಡು ಸುಮ್ಮನಾಗುತ್ತದೆ. ಸುಮಾರು 45 ಡಿಗ್ರಿ ಓರೆಯಾಗಿ ಹೋಗಿ, ತಿರುಗಿ, ಮತ್ತೆ ಓರೆಯಾಗಿ, ಹೀಗೆ ಅಂಕುಡೊಂಕಾಗಿಯೇ ಸಾಗಬೇಕು. 5 ಸೆಂ.ಮೀ. ಬಾಹುವಿನ ಚೌಕ ಬರೆದು ಕರ್ಣವನ್ನು ಅಳೆಯಿರಿ. ಸುಮಾರು 7 ಸೆಂ.ಮೀ. ಬರುತ್ತದೆ. ಕರ್ಣ ನೇರ ದಾರಿ, ಎರಡು ಬಾಹುಗಳು ಹಾಯಿದೋಣಿಯ ದಾರಿ: 10 ಸೆಂ.ಮೀ. ಈಗ ಅದೇ ಮೂಲೆಗಳ ನಡುವೆ 1 ಸೆಂ.ಮೀ. ಮೆಟ್ಟಿಲುಗಳನ್ನು ಬರೆಯಿರಿ. ಕೂಡಿದರೆ ಮತ್ತೆ 10! ಒಂದೇ ತಿರುವಾದರೂ, ಒಂಬತ್ತು ತಿರುವಾದರೂ ದೂರ ಒಂದೇ. ಆದರೆ ಪ್ರತಿ ತಿರುವಿನಲ್ಲೂ ವೇಗ ಕುಗ್ಗುತ್ತದೆ. ಹಾಗಾದರೆ ಯಾವ ಪಕ್ಕಕ್ಕೆ ಹೋಗಬೇಕು, ಎಲ್ಲಿ ತಿರುಗಬೇಕು? ಗಾಳಿ ಚೆನ್ನಾಗಿರುವ ಪಕ್ಕವನ್ನು ಹುಡುಕಬೇಕು. ರಿಯೊದಲ್ಲಿ ಇದು ಸುಲಭವಲ್ಲ. ಕೊಲ್ಲಿಯ ಬಾಯಲ್ಲೇ 396 ಮೀಟರ್ ಎತ್ತರದ ಶುಗರ್‌ಲೋಫ್ ಬಂಡೆ ನಿಂತಿದೆ. ಸಮುದ್ರದ ಗಾಳಿ ಅದನ್ನು ಬಳಸಿಕೊಂಡು ಬರುವುದರಿಂದ ಒಂದೆಡೆ ಬಿರುಸು, ಇನ್ನೊಂದೆಡೆ ಮಂದ.

ಕೊನೆಯ ಓಟದಲ್ಲಿ ನ್ಯೂಜಿಲೆಂಡ್‌ನ ಅಲೆಕ್ಸ್ ಮಲೋನಿ, ಮೋಲಿ ಮೀಚ್ ಬಹಳ ಹೊತ್ತು ಮುಂದಿದ್ದರು. ಬ್ರೆಜಿಲ್‌ನ ಮಾರ್ಟಿನ್ ಗ್ರೇಲ್, ಕಹೇನಾ ಕುಂಜೆ ಅವರ ಹಿಂದೆಯೇ ಹೋಗಿದ್ದರೆ ಅದೇ ಗಾಳಿ, ಅದೂ ಮುಂದಿನ ಹಾಯಿ ಕೆಡಿಸಿದ ಗಾಳಿ ಸಿಗುತ್ತಿತ್ತು. ಅವರು ಕೊನೆಯ ಎದುರುಗಾಳಿ ದಾರಿಯಲ್ಲಿ ಇನ್ನೊಂದು ಪಕ್ಕ ಹಿಡಿದರು. ಗಾಳಿ ಕೈಕೊಟ್ಟಿದ್ದರೆ ಪದಕವೇ ತಪ್ಪಬಹುದಿತ್ತು. ಆದರೆ ಮೇಲಿನ ಗುರುತಿನ ಬಳಿ ಎರಡೂ ದೋಣಿ ಮತ್ತೆ ಸೇರುವಾಗ ಬ್ರೆಜಿಲ್ ತುಸು ಮುಂದಿತ್ತು. ಅಲ್ಲಿಂದ ಗಾಳಿಯ ಜೊತೆಗೆ ದಡದತ್ತ ಓಟ. ಬ್ರೆಜಿಲ್ ಗೆದ್ದದ್ದು ಎರಡೇ ಸೆಕೆಂಡಿನಿಂದ. ತವರಿನ ನೀರಿನಲ್ಲೇ ಚಿನ್ನ!

ಬ್ರೆಜಿಲ್‌ನ ಮೊತ್ತ 46 + 2 = 48, ನ್ಯೂಜಿಲೆಂಡ್‌ನದು 47 + 4 = 51. ಡೆನ್ಮಾರ್ಕ್ 54 ಅಂಕದೊಂದಿಗೆ ಕಂಚು ಪಡೆಯಿತು. ಸ್ಪೇನ್‌ಗೆ ನಾಲ್ಕನೆಯ ಸ್ಥಾನ. ಆ ಎರಡು ಸೆಕೆಂಡು ತಿರುಗುಮುರುಗಾಗಿ ನ್ಯೂಜಿಲೆಂಡ್ ಮೊದಲು ಬಂದಿದ್ದರೆ ಚಿನ್ನ ಯಾರಿಗೆ? ಡೆನ್ಮಾರ್ಕ್ ಆ ಓಟದಲ್ಲಿ ಎಷ್ಟನೆಯದಾಗಿ ಬಂದಿತ್ತು? ಲೆಕ್ಕ ಮಾಡಿ, ಉತ್ತರವನ್ನು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.