ಹಾಲಿನ ದುಡ್ಡಿನಲ್ಲಿ ಟಿ.ವಿ. ಕೊಳ್ಳುವ ಮುನ್ನ



ಹಬ್ಬ ಹತ್ತಿರವಾದಂತೆ ದೊಡ್ಡ ಟಿ.ವಿ., ಅದಕ್ಕೊಂದು ಹೋಂ ಥಿಯೇಟರ್ ಬೇಕೆಂದು ಮಕ್ಕಳು ಹಟ ಹಿಡಿಯುವುದು ಸಹಜ. ಬೆಳಗಿನ ಜಾವ ಎದ್ದು ಹಾಲು ಕರೆಯುವ ಗೃಹಿಣಿಗೂ ಸಂಜೆ ಒಂದು ಗಂಟೆ ಮನರಂಜನೆ ಬೇಕು. ಅದು ದುಂದುಗಾರಿಕೆಯಲ್ಲ. ಆದರೆ ಎಷ್ಟು ಖರ್ಚು, ಯಾವ ಹಣದಿಂದ ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿ ಹೊರಡಬೇಕು. ಅಂಗಡಿಯಲ್ಲಿ ನಿಂತು ತೀರ್ಮಾನಿಸಿದರೆ ಅದು ಅಂಗಡಿಯವನ ತೀರ್ಮಾನವಾಗುತ್ತದೆ.

ಮೊದಲು 'ಬಡ್ಡಿಯಿಲ್ಲದ ಕಂತು' ಎಂಬುದನ್ನು ನೋಡೋಣ. ಒಂದು ಟಿ.ವಿ.ಗೆ 18,000 ರೂ. ಬೆಲೆ, ತಿಂಗಳಿಗೆ 1,500 ರೂ.ನಂತೆ 12 ಕಂತು, ಮೊದಲೇ 500 ರೂ. ಶುಲ್ಕ ಎಂದಿಟ್ಟುಕೊಳ್ಳಿ. ಅದೇ ಟಿ.ವಿ. ರೊಕ್ಕ ಎಣಿಸಿದರೆ 16,500ಕ್ಕೆ ಸಿಗುವುದಾದರೆ, ಕಂತಿನವನು 2,000 ರೂ. ಹೆಚ್ಚು ಕೊಟ್ಟಂತಾಯಿತು. ಸಾಲ ತಿಂಗಳು ತಿಂಗಳೂ ಕರಗುವುದರಿಂದ ಇದು ವರ್ಷಕ್ಕೆ ಶೇ. 20ಕ್ಕೂ ಮೀರಿದ ಬಡ್ಡಿ. ಆದ್ದರಿಂದ ಮೊದಲು ನಗದು ಬೆಲೆ ಕೇಳಿ, ಆಮೇಲೆ ಕಂತಿನ ಮಾತು ಎತ್ತಿ.

ಇನ್ನೊಂದು ಸಂಗತಿ ಸಂಬಳದಾರರಿಗಿಲ್ಲ, ನಮಗಿದೆ. ಕರು ಹಾಕುವ ಮುಂಚೆ ಸುಮಾರು 60 ದಿನ ಹಸುವಿಗೆ ಬಿಡುವು ಕೊಡಬೇಕು. ಒಂದೇ ಹಸುವಿನ ಮನೆಯಲ್ಲಿ ಆ ಎರಡು ತಿಂಗಳು ಬಟವಾಡೆ ಇಲ್ಲ, ಕಂತು ಮಾತ್ರ ತಪ್ಪುವುದಿಲ್ಲ. ಕಂತಿನ ಒತ್ತಡಕ್ಕೆ ಹಸುವನ್ನು ಬತ್ತಿಸದೆ ಕರೆಯುತ್ತಾ ಹೋದರೆ ಮುಂದಿನ ಸೂಲಿನ ಹಾಲೇ ಇಳಿಯುತ್ತದೆ. ಪಶು ಆಹಾರ, ಖನಿಜ ಮಿಶ್ರಣಕ್ಕೆ ಕತ್ತರಿ ಹಾಕಿ ಟಿ.ವಿ. ಕಂತು ಕಟ್ಟುವುದಂತೂ ಬೀಜದ ಕಾಳನ್ನೇ ಹುರಿದು ತಿಂದಂತೆ. ಬದಲಿಗೆ ಹಸು ಈದ ಮೇಲೆ ಹಾಲು ಹೆಚ್ಚಿರುವ ದಿನಗಳಲ್ಲಿ ದಿನಕ್ಕೆ 100 ರೂ. ತೆಗೆದಿಟ್ಟರೆ 165 ದಿನಕ್ಕೆ ಆ 16,500 ರೂ. ಕೈಯಲ್ಲಿರುತ್ತದೆ.

ಗಾತ್ರಕ್ಕೆ ಬರೋಣ. ಕೂರುವ ಜಾಗಕ್ಕೂ ಗೋಡೆಗೂ 5-6 ಅಡಿ ಅಂತರವಿದ್ದರೆ 32 ಇಂಚು ಧಾರಾಳ, 7-8 ಅಡಿ ಇದ್ದರೆ 43 ಇಂಚು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿದಿದೆ. ಹಾಗೆಂದು ಚಿಕ್ಕ ಕೋಣೆ ದೊಡ್ಡದಾಗುವುದಿಲ್ಲ.

ತಿಂಗಳ ಬಾಡಿಗೆ ಬೇಡವೆನ್ನುವವರಿಗೆ ದೂರದರ್ಶನದ ಡಿಡಿ ಫ್ರೀ ಡಿಶ್ ಇದೆ. 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭವಾದ ಸೇವೆ ಇದು. ತಟ್ಟೆ ಮತ್ತು ಪೆಟ್ಟಿಗೆಗೆ ಒಮ್ಮೆ ಖರ್ಚು ಮಾಡಿದರೆ ಮುಗಿಯಿತು. ಪೆಟ್ಟಿಗೆ ಎಂಪೆಗ್-4 ಆಗಿರಲಿ; ಹಳೆಯ ಎಂಪೆಗ್-2 ಪೆಟ್ಟಿಗೆಯಲ್ಲಿ ಎಲ್ಲ ವಾಹಿನಿಗಳೂ ಮೂಡುವುದಿಲ್ಲ. ಚಂದನ ಬರುತ್ತದೆ, ಆದರೆ ಖಾಸಗಿ ಕನ್ನಡ ವಾಹಿನಿಗಳೆಲ್ಲ ಬರುವುದಿಲ್ಲವೆಂದು ಮನೆಯವರಿಗೆ ಮೊದಲೇ ತಿಳಿಸಿಬಿಡಿ, ಆಮೇಲೆ ಜಗಳ ಬೇಡ. ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದ ಮೇಲಿದೆ. ನಮ್ಮ ಕಡೆ ತಟ್ಟೆ ಆಗ್ನೇಯ ದಿಕ್ಕಿಗೆ ಇರಬೇಕು, ಆ ಕಡೆ ತೆಂಗಿನ ಗರಿ ಅಡ್ಡ ಬರಬಾರದು. ಜೋರು ಮಳೆಯಲ್ಲಿ ಚಿತ್ರ ನಿಂತರೆ ಅದು ಪೆಟ್ಟಿಗೆಯ ದೋಷವಲ್ಲ.

ಇಂಟರ್‌ನೆಟ್‌ನಿಂದ ಸಿನಿಮಾ ನೋಡುವ ಸ್ಮಾರ್ಟ್ ಟಿ.ವಿ. ಒಳ್ಳೆಯದೇ. ಆದರೆ ಸ್ಪಷ್ಟ ಚಿತ್ರಕ್ಕೆ ಗಂಟೆಗೆ 3 ಜಿ.ಬಿ.ವರೆಗೂ ಡೇಟಾ ಬೇಕಾಗಬಹುದು. ಮೊಬೈಲಿನ ದಿನದ 1.5 ಜಿ.ಬಿ. ಪ್ಯಾಕ್ ಮಧ್ಯಂತರಕ್ಕೂ ಸಾಲದು.

ಇನ್ನು ಧ್ವನಿ. ಡಬ್ಬದ ಮೇಲೆ 'ಪಿ.ಎಂ.ಪಿ.ಒ.' ಎಂದು ಸಾವಿರಾರು ವ್ಯಾಟ್ ಬರೆದಿದ್ದರೆ ನಂಬಬೇಡಿ, 'ಆರ್.ಎಂ.ಎಸ್.' ಎಷ್ಟೆಂದು ಕೇಳಿ. ಬರಿಯ ನೆಲ, ಬರಿಯ ಗೋಡೆಯ ನಡುಮನೆಯಲ್ಲಿ ಐದು ಸ್ಪೀಕರ್ ಇಟ್ಟರೂ ಮಾತು ಗುಂಯ್‌ಗುಟ್ಟುತ್ತದೆ. ಒಂದು ಜಮಖಾನ, ಕಿಟಕಿಗೆ ದಪ್ಪ ಪರದೆ, ಕೂತವರ ಕಿವಿಯ ಮಟ್ಟಕ್ಕೆ ಒಂದು ಸಾಧಾರಣ ಸೌಂಡ್‌ಬಾರ್ ಇದ್ದರೆ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ದಢಾರ್ ಎನ್ನುವ ಸಬ್‌ವೂಫರನ್ನು ಕೊಟ್ಟಿಗೆಗೆ ಅಂಟಿದ ಗೋಡೆಯ ಬಳಿ ಇಡಬೇಡಿ. ಹಸು ಸೊರೆ ಬಿಡುವುದು ಆಕ್ಸಿಟೋಸಿನ್ ಎಂಬ ಹಾರ್ಮೋನಿನಿಂದ. ಹಠಾತ್ ಶಬ್ದಕ್ಕೆ ಬೆದರಿದರೆ ಅಡ್ರಿನಾಲಿನ್ ಹೊರಟು ಅದರ ಕೆಲಸವನ್ನು ತಡೆಯುತ್ತದೆ, ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಹಾಗೆ ಪದೇ ಪದೇ ಉಳಿಯುತ್ತಿದ್ದರೆ ಇಳುವರಿಯೂ ತಗ್ಗುತ್ತದೆ. ಸಂಜೆ ಕರೆಯುವ ಹೊತ್ತಿಗೆ ಹೊಡೆದಾಟದ ಚಿತ್ರ ಬೇಡ. ದಿನವೂ ಒಂದೇ ಹದದಲ್ಲಿ ಹಾಡುವ ರೇಡಿಯೋಗೆ ಹಸು ಒಗ್ಗಿಕೊಳ್ಳುತ್ತದೆ, ಅದಕ್ಕೆ ಅಡ್ಡಿಯಿಲ್ಲ.

ವಿದ್ಯುತ್ತಿನ ಖರ್ಚು ಹೆಚ್ಚಲ್ಲ. 50 ವ್ಯಾಟಿನ ಟಿ.ವಿ. ದಿನಕ್ಕೆ 4 ಗಂಟೆ ಉರಿದರೆ ತಿಂಗಳಿಗೆ 6 ಯೂನಿಟ್. ಸ್ಟೆಬಿಲೈಸರ್ ಕೊಳ್ಳುವ ಮುಂಚೆ ಟಿ.ವಿ. ಬೆನ್ನಿನ ಪಟ್ಟಿ ನೋಡಿ: 100-240 ವೋಲ್ಟ್ ಎಂದಿದ್ದರೆ ಕಡಿಮೆ ವೋಲ್ಟೇಜನ್ನು ಅದೇ ತಾಳಿಕೊಳ್ಳುತ್ತದೆ. ಆ ಹಣವನ್ನು ಸರಿಯಾದ ಅರ್ತಿಂಗ್‌ಗೆ, ಒಂದು ಸರ್ಜ್ ಪ್ರೊಟೆಕ್ಟರ್‌ಗೆ ಹಾಕಿ. ಗುಡುಗು ದೂರದಲ್ಲಿ ಕೇಳಿಸಿದಾಗಲೇ ಪ್ಲಗ್ ಕಿತ್ತು, ತಟ್ಟೆಯ ಕೇಬಲನ್ನೂ ಪೆಟ್ಟಿಗೆಯಿಂದ ಬಿಚ್ಚಿಡಬೇಕು. ಮಿಂಚು ಹೊಡೆಯತೊಡಗಿದ ಮೇಲೆ ಎರಡನ್ನೂ ಮುಟ್ಟಬೇಡಿ.

ಅಂಗಡಿಯಿಂದ ಹೊರಡುವ ಮುನ್ನ ಟಿ.ವಿ. ಹಾಕಿಸಿ, ಪರದೆ ಪೂರ್ತಿ ಬಿಳಿ ಮಾಡಿ ಕಪ್ಪು ಚುಕ್ಕೆ ಇದೆಯೇ ನೋಡಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ದುರಸ್ತಿಗೆ ತಾಲ್ಲೂಕು ಕೇಂದ್ರದಲ್ಲಿ ಜನ ಸಿಗುತ್ತಾರೋ, ಜಿಲ್ಲಾ ಕೇಂದ್ರಕ್ಕೇ ಹೊತ್ತುಕೊಂಡು ಹೋಗಬೇಕೋ ಎಂದು ವಿಚಾರಿಸಿ. ಬಿಲ್ಲನ್ನು ಹಾಲಿನ ಪಾಸ್ ಪುಸ್ತಕದೊಳಗೆ ಇಡಿ, ಅದು ಮನೆಯಲ್ಲಿ ಕಳೆಯುವುದಿಲ್ಲ.