ಸುಗ್ಗಿಯಲ್ಲಿ ಮಾರಿ ಮಳೆಗಾಲದಲ್ಲಿ ಕೊಳ್ಳಬೇಡಿ

ತೊಗರಿ ಬೆಳೆಯುವ ಅನೇಕ ಕುಟುಂಬಗಳು ರಾಶಿಯಾದೊಡನೆ ಕಾಳನ್ನೆಲ್ಲ ಮಾರಿ, ಮಳೆಗಾಲದಲ್ಲಿ ಅಂಗಡಿಯಿಂದ ಬೇಳೆ ತರುತ್ತವೆ. ಸಾಲ ತೀರಿಸುವ ಅವಸರ ಮತ್ತು ಹುಳು ಬೀಳುವ ಭಯ ಇದಕ್ಕೆ ಕಾರಣಗಳು. ಆಗ ತಾವು ಬೆಳೆದ ಕಾಳಿಗೇ ಮಿಲ್ಲಿನ ಖರ್ಚು, ಸಾಗಣೆ, ವ್ಯಾಪಾರಿಯ ಲಾಭ ಸೇರಿಸಿ ಬೆಲೆ ತೆರಬೇಕಾಗುತ್ತದೆ.

ಎಷ್ಟು ಇಟ್ಟುಕೊಳ್ಳಬೇಕು?

5 ಜನರ ಮನೆಗೆ ದಿನಕ್ಕೆ 250 ಗ್ರಾಂನಂತೆ ವರ್ಷಕ್ಕೆ ಸುಮಾರು 91 ಕಿಲೋ ಬೇಳೆ ಬೇಕು. ಒಂದು ಕ್ವಿಂಟಲ್ ತೊಗರಿಯಿಂದ ಸುಮಾರು 70 ಕಿಲೋ ಬೇಳೆ ದೊರೆಯುವುದರಿಂದ 130 ಕಿಲೋ ಕಾಳು ಸಾಕು. ಉಳಿದುದನ್ನು ಮಾರಬಹುದು.

ಕಾಪಾಡುವ ಕ್ರಮ

ಕಾಳು ಕೊರೆಯುವ ದುಂಬಿ ಹೊಲದಲ್ಲಿಯೇ ಕಾಯಿಯ ಮೇಲೆ ಮೊಟ್ಟೆಯಿಡುತ್ತದೆ. ಆದ್ದರಿಂದ ರಾಶಿಯಾದ ಕೂಡಲೇ ಈ ಕ್ರಮಗಳನ್ನು ಅನುಸರಿಸಬೇಕು.

1. ಕಾಳನ್ನು ತೆಳುವಾಗಿ ಹರಡಿ 2-3 ದಿನ ಬಿಸಿಲಲ್ಲಿ ಒಣಗಿಸಿ. ಕಚ್ಚಿದರೆ ಕಟಕ್ಕನೆ ಒಡೆಯಬೇಕು. ಬಿಸಿ ಆರಿದ ಮೇಲೆಯೇ ತುಂಬಿ.

2. ಇಡೀ ಕಾಳಾಗಿ ಇಡುವುದಾದರೆ ಕಿಲೋಗೆ 5 ಮಿ.ಲೀ. ಅಡಿಗೆ ಎಣ್ಣೆ ಸವರಿ. ದುಂಬಿಯ ಮೊಟ್ಟೆಗಳು ಒಡೆಯುವುದಿಲ್ಲ.

3. ಒಡೆದ ಬೇಳೆಗೆ ಈ ದುಂಬಿಯ ಕಾಟ ಕಡಿಮೆ. ಬೇಸಿಗೆಯಲ್ಲೇ ಬೇಳೆ ಮಾಡಿಸಿ ಬಿಗಿ ಮುಚ್ಚಳದ ಡಬ್ಬಿಗಳಲ್ಲಿಡಿ. ಔಷಧಿ ಡಬ್ಬಿಗಳನ್ನು ಎಂದಿಗೂ ಬಳಸಬೇಡಿ.

4. ತಿಂಗಳಿಗೊಮ್ಮೆ ತೆರೆದು ನೋಡಿ. ತೂತು ಬಿದ್ದ ಕಾಳು ಕಂಡರೆ ಮತ್ತೆ ಬಿಸಿಲಿಗೆ ಹಾಕಿ.

ಹೊಟ್ಟು, ನುಚ್ಚು ದನಗಳಿಗಾಗುತ್ತವೆ. ಹಿಂಡಿಯ ಖರ್ಚಿನಲ್ಲೂ ಅಷ್ಟು ಉಳಿತಾಯವಾಗುತ್ತದೆ.