ಸವಳು ನೆಲದ ಮೀನುಹೊಂಡಗಳಲ್ಲಿ ನೈಟ್ರೇಟಿನ ಹತೋಟಿ

1953ರ ತರುವಾಯ ತುಂಗಭದ್ರಾ ಎಡದಂಡೆ ಕಾಲುವೆಯು ರಾಯಚೂರು ಜಿಲ್ಲೆಯ ಎರೆನೆಲಕ್ಕೆ ನೀರನ್ನು ತಂದಿತು. ನೀರಿನೊಡನೆ ಭತ್ತವು ಬಂದಿತು; ಬಸಿಗಾಲುವೆ ಇಲ್ಲದ ತಗ್ಗುಗಳಲ್ಲಿ ಸವಳೂ ಜವಳೂ ಬಂದವು. ಬಳಗಾನೂರು, ಸಿಂಧನೂರುಗಳ ಸುತ್ತಿನ ಕಾಲುವೆ ಪ್ರದೇಶದಲ್ಲಿ ಪೈರು ಏಳದ ಇಂತಹ ತುಂಡುಗಳನ್ನು ಅಗೆದು ಮೀನು ಸಾಕಬೇಕೆಂಬ ಯೋಚನೆಯು ಭೂಮಾಲೀಕರಿಗೆ ಬರುವುದು ಸಹಜವು. ಹೊಂಡವನ್ನು ಅಗೆಯುವುದು ಕಷ್ಟದ ಕೆಲಸವಲ್ಲ. ಅದರೊಳಗಿನ ನೀರನ್ನು ಕೆಡದಂತೆ ಇಟ್ಟುಕೊಳ್ಳುವುದೂ, ಹೊರಹಾಕಿದ ನೀರು ಊರಿಗೆ ಕೇಡಾಗದಂತೆ ನೋಡಿಕೊಳ್ಳುವುದೂ ಕಷ್ಟವಾದುವು.

ಈ ವಿಷಯವನ್ನು ತಿಳಿಯುವುದಕ್ಕೆ ಪಟ್ಟಣದ ಗಾಜಿನ ತೊಟ್ಟಿಯು ಒಳ್ಳೆಯ ಪಾಠಶಾಲೆಯಾಗಿದೆ. ಬೆಂಗಳೂರಿನಂತಹ ಪಟ್ಟಣಗಳಲ್ಲಿ ಕೆಲವರು ಉಪ್ಪು ಬೆರಸಿದ ನೀರಿನಲ್ಲಿ ಸಮುದ್ರದ ಮೀನುಗಳನ್ನು ಮನೆಯೊಳಗೆ ಸಾಕುವರು. ಹೊಸ ತೊಟ್ಟಿಗೆ ಒಮ್ಮೆಲೇ ಮೀನುಗಳನ್ನು ಬಿಟ್ಟರೆ ಅವು ಸಾಯುವುವು. ಮೀನಿನ ಕಿವಿರಿನಿಂದ ಹೊರಟ ಮತ್ತು ಉಳಿದ ಆಹಾರವು ಕೊಳೆತು ಹುಟ್ಟಿದ ಅಮೋನಿಯಾವನ್ನು ಅಲ್ಲಿ ತಿನ್ನುವವರಿಲ್ಲದಿರುವುದೇ ಇದಕ್ಕೆ ಕಾರಣವು. ನಾಲ್ಕರಿಂದ ಆರು ವಾರಗಳಲ್ಲಿ ಒಂದು ಜಾತಿಯ ಸೂಕ್ಷ್ಮಜೀವಿಗಳು ಬೆಳೆದು ಅಮೋನಿಯಾವನ್ನು ನೈಟ್ರೈಟಾಗಿಯೂ, ಇನ್ನೊಂದು ಜಾತಿಯವು ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸುವುವು. ಮೊದಲಿನ ಎರಡೂ ವಿಷಗಳು. ಮೂರನೆಯದು ಬಹುಮಟ್ಟಿಗೆ ಸೌಮ್ಯವಾದುದು. ಆದರೆ ತೊಟ್ಟಿಯಲ್ಲಿ ಅದನ್ನು ಹೀರುವ ಪೈರಿಲ್ಲವಾದ್ದರಿಂದ ಅದು ದಿನೇದಿನೇ ಕೂಡುತ್ತಲೇ ಹೋಗುವುದು. ಹವಳದ ಜೀವಿಗಳಿರುವ ತೊಟ್ಟಿಯಲ್ಲಿ ಅದು ಲೀಟರಿಗೆ 10 ಮಿಲಿಗ್ರಾಂ ಮೀರದಂತೆಯೂ, ಮೀನು ಮಾತ್ರ ಇರುವಲ್ಲಿ 40 ಮೀರದಂತೆಯೂ ನೋಡಿಕೊಳ್ಳುವ ವಾಡಿಕೆಯುಂಟು. ಐದರಲ್ಲೊಂದು ಪಾಲು ನೀರನ್ನು ಬದಲಿಸಿದರೆ 50 ಇದ್ದುದು 40 ಆಗುವುದು. ಇನ್ನೊಮ್ಮೆ ಬದಲಿಸಿದರೆ 32. ಒಂದೇ ಸಲ ಎಲ್ಲ ನೀರನ್ನೂ ಚೆಲ್ಲಿದರೆ ಮೀನಿಗೆ ಆಘಾತವಾಗುವುದು.

ಹೊಂಡದಲ್ಲಿ ನಡೆಯುವುದೂ ಇದೇ, ಪ್ರಮಾಣ ಮಾತ್ರ ದೊಡ್ಡದು. ನೂರಕ್ಕೆ 28 ಪಾಲು ಪ್ರೋಟೀನು ಇರುವ ಒಂದು ಟನ್ನು ಆಹಾರದಲ್ಲಿ ಸುಮಾರು 45 ಕಿಲೋ ಸಾರಜನಕವಿರುವುದು. ಮೀನು ತನ್ನ ಮೈಗೆ ಕಟ್ಟಿಕೊಳ್ಳುವುದು ಹೆಚ್ಚೆಂದರೆ ಮೂರರಲ್ಲೊಂದು ಪಾಲು. ಉಳಿದ 30 ಕಿಲೋ ನೀರಿಗೂ ಕೆಸರಿಗೂ ಸೇರುವುದು. ಇದು 45 ಕಿಲೋ ತೂಕದ ಯೂರಿಯಾ ಚೀಲಗಳು ಸುಮಾರು ಒಂದೂವರೆಗೆ ಸಮ. ಒಂದು ಎಕರೆಯಲ್ಲಿ ಐದಡಿ ನೀರು ನಿಂತರೆ ಸುಮಾರು 62 ಲಕ್ಷ ಲೀಟರಾಗುವುದು. ಆ ಸಾರಜನಕವೆಲ್ಲ ನೈಟ್ರೇಟಾದರೆ ಲೀಟರಿಗೆ 21 ಮಿಲಿಗ್ರಾಂ ಬರುವುದು. ನಾಲ್ಕು ಟನ್ನು ಆಹಾರವನ್ನು ಸುರಿದಲ್ಲಿ 85. ಪಾಚಿಯೂ ಕೆಸರೂ ಇದರಲ್ಲಿ ಬಹುಪಾಲನ್ನು ನುಂಗುವುದರಿಂದ ಪರೀಕ್ಷೆಯಲ್ಲಿ ಇಷ್ಟು ಕಾಣದಿರಬಹುದು. ಆದರೆ ಮೋಡ ಕವಿದು ಪಾಚಿಯು ಒಮ್ಮೆಲೇ ಸತ್ತರೆ ನುಂಗಿದ್ದುದು ಅಮೋನಿಯಾ ಆಗಿ ಹಿಂದಿರುಗುವುದು. ತವುಡು, ಹಿಂಡಿಗಳನ್ನು ಹೆಚ್ಚಾಗಿ ಹಾಕಿದಷ್ಟೂ ಮೀನು ಹೆಚ್ಚಾಗಿ ಬೆಳೆಯುವುದೆಂಬ ನಂಬಿಕೆಯು ಈ ಕಾರಣದಿಂದ ನಷ್ಟಕ್ಕೆ ದಾರಿ.

ಈ ಸೀಮೆಯಲ್ಲಿ ಸವಳಿನ ಜಾತಿಯನ್ನು ವಿಚಾರಿಸದೆ ಮುಂದುವರಿಯಕೂಡದು. ಅಡಿಗೆಯ ಉಪ್ಪಿನ ಜಾತಿಯ ಸವಳು ಒಂದು; ಸೋಡಾ, ಎಂದರೆ ಕ್ಷಾರದ ಜಾತಿಯದು ಇನ್ನೊಂದು. ಕ್ಷಾರವು ಅಮೋನಿಯಾವನ್ನು ಹೆಚ್ಚು ವಿಷಮಯವಾಗಿಸುವುದು. 28 ಡಿಗ್ರಿ ಶಾಖದ ನೀರಿನಲ್ಲಿ ಪಿ.ಎಚ್. 8 ಇದ್ದರೆ ಅಮೋನಿಯಾದ ನೂರರಲ್ಲಿ ಆರೇಳು ಪಾಲು ವಿಷರೂಪದಲ್ಲಿರುವುದು; 9ಕ್ಕೆ ಏರಿದರೆ ನಲವತ್ತು ಪಾಲು. ಪಾಚಿಯ ದೆಸೆಯಿಂದ ಮಧ್ಯಾಹ್ನದಲ್ಲಿ ಪಿ.ಎಚ್. ಏರುವುದರಿಂದ ಬೆಳಗಿನ ಪರೀಕ್ಷೆಯೊಂದನ್ನೇ ನಂಬತಕ್ಕದ್ದಲ್ಲ. ಉಪ್ಪಿನ ಸವಳಾದರೋ ಒಂದು ಉಪಕಾರವನ್ನೂ ಮಾಡುವುದು. ನೈಟ್ರೈಟು ಕಿವಿರಿನ ಮೂಲಕ ಒಳಹೊಕ್ಕು ರಕ್ತವನ್ನು ಕಂದುಬಣ್ಣಕ್ಕೆ ತಿರುಗಿಸಿ ಮೀನನ್ನು ಉಸಿರುಗಟ್ಟಿಸುವುದಷ್ಟೆ. ಅದೇ ದಾರಿಯಲ್ಲಿ ಉಪ್ಪಿನ ಕ್ಲೋರೈಡೂ ಹೋಗುವುದರಿಂದ ಕ್ಲೋರೈಡು ಹೆಚ್ಚಾದಲ್ಲಿ ನೈಟ್ರೈಟಿಗೆ ಎಡೆ ಸಿಕ್ಕದು. ಅಮೆರಿಕದ ಕ್ಯಾಟ್‌ಫಿಷ್ ಹೊಂಡಗಳಲ್ಲಿ ಕ್ಲೋರೈಡು ನೈಟ್ರೈಟಿನ ಸಾರಜನಕದ ಹತ್ತು ಪಟ್ಟಿಗೆ ಕಡಿಮೆಯಾಗದಂತೆ ಉಪ್ಪು ಹಾಕುವರು. ಈ ಪ್ರದೇಶದಲ್ಲಿ ಆ ಮಾತನ್ನು ಕೇಳಿ ಚೀಲಗಟ್ಟಲೆ ಉಪ್ಪು ಸುರಿಯುವುದು ಅವಿವೇಕವು. ನೀರಿನಲ್ಲಿ ಕ್ಲೋರೈಡು ಎಷ್ಟಿದೆಯೆಂದು ಮೊದಲು ಪರೀಕ್ಷೆ ಮಾಡಿಸತಕ್ಕದ್ದು. ಹಾಕಿದ ಉಪ್ಪು ನಾಳೆ ಕೆಳಗಿನ ಹೊಲಕ್ಕೇ ಇಳಿಯುವುದು.

ಹೊರಹಾಕುವ ನೀರನ್ನು ಎಲ್ಲಿಗೆ ಬಿಡಬೇಕೆಂಬುದೇ ಮುಖ್ಯ ಪ್ರಶ್ನೆಯು. ಭತ್ತದ ಗದ್ದೆಗೆ ಬಿಟ್ಟರೆ ಗೊಬ್ಬರದ ಖರ್ಚು ಪೂರ್ತಿಯಾಗಿ ಉಳಿಯುವುದೆಂದು ಎಣಿಸುವುದು ಸರಿಯಲ್ಲ. ನೀರು ನಿಂತ ಗದ್ದೆಯ ಕೆಸರಿನೊಳಗೆ ಗಾಳಿ ಆಡದು. ಅಲ್ಲಿರುವ ಬೇರೊಂದು ಜಾತಿಯ ಸೂಕ್ಷ್ಮಜೀವಿಗಳು ನೈಟ್ರೇಟಿನೊಳಗಿನ ಆಮ್ಲಜನಕವನ್ನು ಕಸಿದುಕೊಂಡು ಸಾರಜನಕವನ್ನು ಆಕಾಶಕ್ಕೆ ಬಿಟ್ಟುಬಿಡುವುವು. ನಾಟಿಯ ಮುಂಚೆ ಭತ್ತಕ್ಕೆ ನೈಟ್ರೇಟು ಗೊಬ್ಬರವನ್ನು ಹಾಕಬಾರದೆಂಬುದಕ್ಕೆ ಇದೇ ಕಾರಣವು. ಆದಕಾರಣ ಗದ್ದೆಯು ಹೊಂಡದ ನೀರನ್ನು ಶುದ್ಧಮಾಡುವ ಸಾಧನವಾಗಿ ಉತ್ತಮವು, ಸಾರವನ್ನು ಉಳಿಸುವ ಸಾಧನವಾಗಿ ಸಾಧಾರಣವು. ಪೈರು ಬೇರೂರಿ ತೆಂಡೆ ಒಡೆಯುವ ಕಾಲದಲ್ಲಿ ತೆಳ್ಳಗೆ ಹಾಯಿಸಿದರೆ ಒಂದು ಪಾಲಾದರೂ ಬೇರಿಗೆ ದೊರೆಯುವುದು. ಹತ್ತಿಯ ಹೊಲದಲ್ಲಿ ಗಾಳಿ ಆಡುವುದರಿಂದ ನೈಟ್ರೇಟು ಹೆಚ್ಚು ಉಪಯೋಗಕ್ಕೆ ಬರುವುದು. ಅದೂ ಅಲ್ಲದೆ ಹತ್ತಿಯು ಭತ್ತಕ್ಕಿಂತ ಬಹಳ ಹೆಚ್ಚು ಉಪ್ಪನ್ನು ತಾಳುವ ಬೆಳೆಯು. ಹಾಗೆಂದು ಬಸಿಗಾಲುವೆ ಇಲ್ಲದ ಎರೆಹೊಲಕ್ಕೆ ಪ್ರತಿವರ್ಷವೂ ಸವಳು ನೀರನ್ನು ಹಾಯಿಸಿದರೆ ಹತ್ತಿಯ ಹೊಲವೂ ಕೆಲವು ವರ್ಷಗಳಲ್ಲಿ ಹೊಂಡ ಅಗೆದ ತಗ್ಗಿನಂತೆಯೇ ಆಗುವುದು.

ಕಾಲುವೆಗೂ, ಕಾಲುವೆಯಿಂದ ತುಂಬುವ ಕುಡಿಯುವ ನೀರಿನ ಕೆರೆಗೂ ಹೊಂಡದ ನೀರನ್ನು ಎಂದಿಗೂ ಬಿಡಕೂಡದು. ಬಾವಿಯ ಮೇಲುಗಡೆಯಲ್ಲಿ ಹೊಂಡವನ್ನು ಅಗೆಯುವುದೂ ತಪ್ಪು. ನೈಟ್ರೇಟು ಮಣ್ಣಿಗೆ ಅಂಟದೆ ನೀರಿನೊಡನೆ ಇಳಿಯುವುದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕವು ವಿಧಿಸಿದೆ. 1945ರಲ್ಲಿ ಅಮೆರಿಕದ ಅಯೋವಾ ಪ್ರಾಂತದ ವೈದ್ಯ ಹಂಟರ್ ಕಾಮ್ಲಿ ಎಂಬವರು, ಬಾವಿಯ ನೀರಿನಲ್ಲಿ ಕಲಸಿದ ಹಾಲನ್ನು ಕುಡಿದ ಎಳೆಗೂಸುಗಳ ಮೈ ನೀಲಿಗಟ್ಟಿದುದಕ್ಕೆ ನೈಟ್ರೇಟೇ ಕಾರಣವೆಂದು ವಿವರಿಸಿದರು. ಆರು ತಿಂಗಳೊಳಗಿನ ಕೂಸುಗಳಿಗೆ ಈ ಅಪಾಯವು ಹೆಚ್ಚು. ಮೀನಿನ ರಕ್ತಕ್ಕೆ ನೈಟ್ರೈಟು ಮಾಡುವುದನ್ನೇ ಅದು ಕೂಸಿನ ರಕ್ತಕ್ಕೂ ಮಾಡುವುದು. ಕುಡಿದ ನೈಟ್ರೇಟು ಹೊಟ್ಟೆಯಲ್ಲಿ ನೈಟ್ರೈಟಾಗಿ ತಿರುಗುವುದು. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುವುವೇ ಹೊರತು ನೈಟ್ರೇಟು ಹೋಗದು. ಆವಿಯಾದಷ್ಟು ನೀರು ಕಡಿಮೆಯಾಗಿ ಅದು ಇನ್ನೂ ಸಾಂದ್ರವಾಗುವುದು. ಊರಿನ ಪ್ರಮುಖರು ಹೊಂಡಕ್ಕೆ ಒಪ್ಪಿಗೆ ಹೇಳುವ ಮುಂಚೆ ಸಮೀಪದ ಬಾವಿ ಮತ್ತು ಕೊಳವೆಬಾವಿಗಳ ನೀರನ್ನು ಪರೀಕ್ಷೆ ಮಾಡಿಸಿ ಬರೆದಿಡತಕ್ಕದ್ದು. ಮುಂದೆ ಹೋಲಿಸಿ ನೋಡುವುದಕ್ಕೆ ಆ ಬರಹವೊಂದೇ ಆಧಾರವು.

ಪರೀಕ್ಷೆಯ ಅಂಕಿಯನ್ನು ಓದುವಾಗ ಎಚ್ಚರ ಬೇಕು. ಕೆಲವು ಪೆಟ್ಟಿಗೆಗಳು ನೈಟ್ರೇಟನ್ನೇ ತೋರಿಸುವುವು. ಕೆಲವು ಅದರೊಳಗಿನ ಸಾರಜನಕವನ್ನು ಮಾತ್ರ ತೋರಿಸುವುವು. ಎರಡನೆಯ ಬಗೆಯ ಅಂಕಿಯನ್ನು 4.4ರಿಂದ ಗುಣಿಸಬೇಕು. ಹೀಗಾಗಿ ಅಲ್ಲಿ 10 ಎಂದು ಕಂಡದ್ದು ಇಲ್ಲಿ 45ರ ಸಮೀಪಕ್ಕೆ ಬರುವುದು. ಈ ಭೇದವನ್ನು ತಿಳಿಯದೆ ಕೆಟ್ಟ ನೀರನ್ನು ಒಳ್ಳೆಯದೆಂದು ತಿಳಿಯುವುದು ಸುಲಭವು.

ಕಡೆಯದಾಗಿ, ನೀರು ಬದಲಿಸುವುದಕ್ಕೆ ಬದಲಿ ನೀರು ಇರಬೇಕಷ್ಟೆ. ಬೇಸಗೆಯಲ್ಲಿ ಕಾಲುವೆ ನಿಂತ ಮೇಲೆ ಹೊಂಡದ ನೀರು ಬತ್ತಿ ಉಪ್ಪೂ ನೈಟ್ರೇಟೂ ಒಟ್ಟಿಗೆ ಏರುವುವು. ಆಗ ದೊರೆಯುವ ಕೊಳವೆಬಾವಿಯ ನೀರು ಅನೇಕ ಕಡೆ ಹೊಂಡದ ನೀರಿಗಿಂತಲೂ ಉಪ್ಪಾಗಿರಬಹುದು. ಕಾಲುವೆಯನ್ನು ಪೂರ್ತಿಯಾಗಿ ನೆಚ್ಚುವಂತೆಯೂ ಇಲ್ಲ: 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಗೇಟು ಕೊಚ್ಚಿಹೋಗಿ, ತುಂಬಿದ್ದ ನೀರು ನದಿಯ ಪಾಲಾದುದು ಎಲ್ಲರಿಗೂ ತಿಳಿದಿದೆ. ಆದ್ದರಿಂದ ಕಾಲುವೆ ನಿಲ್ಲುವ ಮೂರು ನಾಲ್ಕು ವಾರಗಳ ಮುಂಚೆಯೇ ತೂಕಕ್ಕೆ ಬಂದ ಮೀನುಗಳನ್ನು ಹಿಡಿದು ಮಾರಿ, ಉಳಿದವಕ್ಕೆ ಆಹಾರವನ್ನು ಅರ್ಧಕ್ಕೆ ಇಳಿಸಿ, ಒಂದೆರಡು ಸಲ ಐದರಲ್ಲೊಂದು ಪಾಲು ನೀರನ್ನು ಹತ್ತಿಯ ಹೊಲಕ್ಕೋ ಗದ್ದೆಗೋ ಹಾಯಿಸಿ, ಹೊಂಡವನ್ನು ಕಾಲುವೆಯ ನೀರಿನಿಂದ ಕಟ್ಟೆಯ ಗುರುತಿನವರೆಗೆ ತುಂಬಿಸಿಕೊಳ್ಳತಕ್ಕದ್ದು.